ಜೋಡಿಯಿಲ್ಲದ ಹೆಸರು

"ಕೇಳಿರಪ್ಪೋ ಕೇಳಿ! ಕಡೆಗುಡ್ಡದ ದೊರೆ ರಣಭೂಪರ ಮೂರನೇ ರಾಣಿ ಚಾಗಲಾದೇವಿಯವರಿಗೂ ಮಕ್ಕಳಾಗಲಿಲ್ಲ. ಹುಣ್ಣಿಮೆಗೆ ಅವರನ್ನು ತವರಿಗೆ ಕಳಿಸಲಾಗುವುದು. ಅದಕ್ಕೆ ಮುಂಚೆ ರಾಣಿಯವರು ಮೂರು ಒಗಟು ಕೇಳುವರು. ಯಾರಾದರೂ ಬಿಡಿಸಿದರೆ ರಾಣಿ ಅರಮನೆಯಲ್ಲೇ ಉಳಿಯುವರು, ಬಿಡಿಸಿದವನಿಗೆ ಕೇಳಿದ್ದು ಸಿಗುವುದು. ತಪ್ಪಿದರೆ ತಲೆ ಹೋಗುವುದು!"

ತಲೆಯ ಮಾತು ಸೇರಿಸಿದವನು ದೊರೆಯೇ. ಯಾರೂ ಬಾರದಿರಲಿ ಎಂಬ ಹಿಕಮತ್ತು ಅದು. ಆದರೂ ಬಹುಮಾನದ ಆಸೆ ಬಿಟ್ಟೀತೇ? ಆಸ್ಥಾನದ ಪಂಡಿತ ಮೊದಲು ಎದ್ದ.

"ಒಂದು ಹೆಸರುಂಟು," ಎಂದಳು ರಾಣಿ. "ಅದು ಅಂಟಿದರೆ ಹೆಣ್ಣು ಮನೆಯಿಂದ ಹೊರಗೆ. ಎಷ್ಟು ಹುಡುಕಿದರೂ ಅದಕ್ಕೆ ಗಂಡು ಜೋಡಿ ಸಿಗದು. ಯಾವುದು?"

"ವಿಧವೆ!"

"ವಿಧುರ ಇದ್ದಾನಲ್ಲ ಪಂಡಿತರೇ."

ಪಂಡಿತ ಸೆರೆಮನೆ ಸೇರಿದ. ಅರಮನೆಯ ಜೋಯಿಸರು ಗಂಟಲು ಸರಿಮಾಡಿಕೊಂಡು "ಮುತ್ತೈದೆ" ಎಂದರು.

"ಆ ಹೆಸರು ಕರೆದು ಕೂರಿಸುತ್ತದೆ ಜೋಯಿಸರೇ, ಹೊರಗೆ ಹಾಕುವುದಿಲ್ಲ."

ಅವರೂ ಪಂಡಿತನ ಪಕ್ಕ ಕೂತರು. ಇಬ್ಬರ ತಲೆಗೂ ಹುಣ್ಣಿಮೆಯೇ ಗಡುವು.

ಮೇದರ ಕೇತ ಬಿದಿರಿನ ತೊಟ್ಟಿಲು ಹೆಣೆದು ಊರೂರು ಮಾರುವವನು. ಡಂಗುರ ಕೇಳಿ ಅವನು ದಾರಿಯಲ್ಲೇ ನಿಂತುಬಿಟ್ಟ. ಎರಡು ದಿನ ಮುಂಚೆ ಗಡಿಯಾಚೆಯ ಹಳ್ಳಿಯಲ್ಲಿ ಒಬ್ಬಾಕೆ ತೊಟ್ಟಿಲು ಕೊಂಡಿದ್ದಳು. ಹಿಂದೆ ಮೆರವಣಿಗೆಯಲ್ಲಿ ಕಂಡಿದ್ದ ಆ ಮುಖ ನೋಡಿದವನೇ ಕೇತ ಹೊರೆ ಕೈಬಿಟ್ಟಿದ್ದ. ಆಕೆ ಪದುಮಾಂಬೆ, ಮಕ್ಕಳಿಲ್ಲವೆಂದು ದೊರೆ ಅಟ್ಟಿದ್ದ ಮೊದಲ ರಾಣಿ! ಮರುಮದುವೆಯಾಗಿ ಕಂಕುಳಲ್ಲೊಂದು ಕೂಸು, ಹೊಟ್ಟೆಯಲ್ಲಿ ಮತ್ತೊಂದು.

ಇದನ್ನು ನುಂಗಿಕೊಂಡು ಕೂತರೆ ಅನ್ನ ಇಳಿಯದು ಎನ್ನಿಸಿ ಕೇತ ಮತ್ತೆ ಅಲ್ಲಿಗೇ ಓಡಿದ. ಪದುಮಾಂಬೆ ಅರಮನೆಯ ಮುಹೂರ್ತ, ವ್ರತಗಳ ಕತೆಯನ್ನೆಲ್ಲ ಹೇಳಿ, ಅವನನ್ನು ಸೂಲಗಿತ್ತಿ ಈರವ್ವನ ಜಗಲಿಗೆ ಕರೆದೊಯ್ದಳು. ಅಲ್ಲಿ ಹೆಂಗಸರ ಜೊತೆ ಗಂಡಸರೂ ಕೂತು ಪಾಠ ಕೇಳುತ್ತಿದ್ದರು. ಅದೂ ಬಸಿರಿನ ಪಾಠ! ಕೇತ ಕಿವಿ ಕೆಂಪಾಗಿ ಎದ್ದು ಹೊರಟ.

"ಕೂತ್ಕೋ," ಎಂದು ಈರವ್ವ ಗದರಿದಳು. "ತೊಟ್ಟಿಲು ಮಾರೋನು ನೀನು. ಅದ್ರಾಗೆ ಮಲಗೋದು ಹೆಂಗೆ ಬರ್ತದೆ ಅಂತ ಗೊತ್ತಿರಬ್ಯಾಡ್ವೇನೋ?"

ಕೇತ ಕೂತ, ಕೊನೆಯವರೆಗೂ ಕೇಳಿದ.

ಹುಣ್ಣಿಮೆಯ ಬೆಳಿಗ್ಗೆ ಕೇತ ಸಭೆಯಲ್ಲಿ ನಿಂತ, ರಾಣಿ ಮೊದಲ ಒಗಟನ್ನೇ ಮತ್ತೆ ಕೇಳಿದಳು. "ಬಂಜೆ, ತಾಯಿ," ಎಂದ. "ಕಳ್ಳಿಗೆ ಕಳ್ಳ ಅವ್ನೆ, ಕುರುಡಿಗೆ ಕುರುಡ ಅವ್ನೆ. ಬಂಜೆಗೆ ಯಾರೂ ಇಲ್ಲ."

ಸಭೆ ಬೆಚ್ಚಿತು. ರಾಣಿಯ ಕಣ್ಣು ಅರಳಿತು.

"ತಿಂಗಳಿಗೊಮ್ಮೆ ಅತಿಥಿಯೊಬ್ಬ ಬರುತ್ತಾನೆ. ಬಾಗಿಲು ತಟ್ಟುವುದಿಲ್ಲ, ಹೆಚ್ಚು ಹೊತ್ತು ಕಾಯುವುದೂ ಇಲ್ಲ. ಈ ಅರಮನೆ ಅವನು ಬರುವ ಮುಂಚೆಯೇ ಎಲೆ ಹಾಕಿ, ಬರುವ ಹೊತ್ತಿಗೆ ಎತ್ತಿಬಿಡುತ್ತದೆ. ಯಾರವನು?"

"ಹೆಣ್ಣಿನ ಒಡಲಲ್ಲಿ ಹುಟ್ಟೋ ಅಂಡ, ತಾಯಿ. ಒಂದು ಮುಟ್ಟಿಗೂ ಮುಂದಿನ ಮುಟ್ಟಿಗೂ ಹೆಚ್ಚುಕಮ್ಮಿ ನಡುವೆ ಬರ್ತದೆ, ಒಂದಿನ ಇರ್ತದೆ. ಬಸಿರು ನಿಲ್ಲೋ ಕಾಲ ಆ ದಿನ, ಅದರ ಮುಂಚಿನ ನಾಕೈದು ದಿನ. ಜೋಯಿಸರು ಮುಟ್ಟಿನ ಸ್ನಾನ ಆದ ಕೂಡ್ಲೇ ಮುಹೂರ್ತ ಇಟ್ಟು, ಆಮ್ಯಾಕೆ ದೊರೆಗಳನ್ನ ವ್ರತಕ್ಕೆ ಕೂರಿಸ್ತಾರೆ."

ತುಂಬಿದ ಸಭೆಯಲ್ಲಿ ಮುಟ್ಟಿನ ಮಾತು! ಮಂತ್ರಿಗಳು ಕಿವಿ ಮುಚ್ಚಿಕೊಂಡರು. ರಾಣಿ ಮಾತ್ರ ಅಳುತ್ತಿದ್ದಳು. ತನ್ನ ತಾಯಿ ಕಲಿಸಿದ್ದ ಇದನ್ನೇ ಹೇಳಹೋದಾಗಲೆಲ್ಲ ದೊರೆ "ಹೆಂಗಸರ ಮಾತು" ಎಂದು ಎದ್ದು ಹೋಗುತ್ತಿದ್ದ. ಒಗಟೆಂದರೆ ಕೂತು ಕೇಳಲೇಬೇಕಲ್ಲ.

"ಮೂರು ಹೊಲ, ಬಿತ್ತುವವನೊಬ್ಬನೇ. ಒಂದರಲ್ಲೂ ಮೊಳಕೆಯಿಲ್ಲ. ಎಲ್ಲಕ್ಕಿಂತ ಮೊದಲು ಏನನ್ನು ಪರೀಕ್ಷಿಸಬೇಕು?"

ಕೇತ ದೊರೆಯ ಸೊಂಟದ ಕತ್ತಿ ನೋಡಿದ. ತಪ್ಪು ಹೇಳಿದರೂ ತಲೆ ಹೋಗುತ್ತದೆ, ಸರಿ ಹೇಳಿದರೂ ಉಳಿಯುವ ಹಾಗೆ ಕಾಣಲಿಲ್ಲ.

"ಬೀಜವ," ಎಂದ.

ದೊರೆ ಕತ್ತಿ ಹಿರಿದು ಎದ್ದ. "ಏನೋ ಅಂದೆ?"

"ಪದುಮಾಂಬೆಯೋರಿಗೆ ನಾನೇ ತೊಟ್ಟಿಲು ಮಾರಿದ್ದು, ಬುದ್ಧಿ. ಇನ್ನೊಂದು ಹೆಣಿ ಅಂದವ್ರೆ."

ದೊರೆಯ ಕತ್ತಿ ಕೆಳಗಿಳಿಯಿತು. ದೊರೆ ಕೂತೇಬಿಟ್ಟ. "ಹಾಗಾದರೆ... ನಾನಾ?"

"ಗೊತ್ತಿಲ್ಲ ಬುದ್ಧಿ. ತೊಂದ್ರೆ ಗಂಡಿಗೂ ಇರಬೋದು ಅಂತ ಈರವ್ವ ಹೇಳ್ತಾಳೆ. ಅದು ಬೈಗುಳ ಅಲ್ವಂತೆ."

ಸೆರೆಯಲ್ಲಿದ್ದವರು ಬಿಡುಗಡೆಯಾದರು. ಕೇತ ತನ್ನ ಕೇರಿಗೆಲ್ಲ ಅರಮನೆಯ ಬಿದಿರುಕಾಡು ಕೇಳಿ ಪಡೆದ. ಇನ್ನೇನು ಕೈಮುಗಿದು ಹೊರಡಬೇಕು, ದೊರೆ ಹತ್ತಿರ ಕರೆದು ದನಿ ತಗ್ಗಿಸಿದ.

"ಆ ಈರವ್ವ ನನಗೂ ಹೇಳಿಕೊಡುತ್ತಾಳೇನೋ?"

"ಹೇಳಿಕೊಡ್ತಾಳೆ ಬುದ್ಧಿ. ಆದ್ರೆ ನೆಲದ ಮ್ಯಾಲೆ ಕೂರಬೇಕು."

ದೊರೆ ರಾಣಿಯ ಕಡೆ ತಿರುಗಿದ. "ನೀನೂ ಬರುತ್ತೀಯಾ?"