ಕೂಸಿನ ಮನೆಯ ನಿಯಮ

ಅಂಗನವಾಡಿಯ ಕೋಣೆಯಲ್ಲೇ ದುಡಿಯುವ ತಾಯಂದಿರ ಕೂಸುಗಳನ್ನು ನೋಡಿಕೊಳ್ಳುವ ಪಂಚಾಯಿತಿಯ ಕೂಸಿನ ಮನೆಯೂ ನಡೆಯಲಿ ಎಂದು ಎರಡು ಇಲಾಖೆಗಳು ಒಪ್ಪಂದ ಮಾಡಿಕೊಂಡವು. ಅಂಗನವಾಡಿ ಮುಗಿಯುವುದು ನಾಲ್ಕಕ್ಕೆ. ಕೂಸುಗಳ ತಾಯಂದಿರು ಹತ್ತಿ ಮಿಲ್ಲಿನಿಂದ ಮರಳುವುದು ಆರಕ್ಕೆ. ನಡುವಿನ ಎರಡು ತಾಸು ಯಾರ ಕಾಗದದಲ್ಲೂ ಇರಲಿಲ್ಲ.

ಒಂದು ದಿನ ನಾಲ್ಕಕ್ಕೆ ಸರಿಯಾಗಿ ಅಂಗನವಾಡಿ ಇಲಾಖೆಯ ಮಠಪತಿ ಸಾಹೇಬರು ಬೀಗ ಹಿಡಿದು ಬಂದರು.

“ಕಟ್ಟಡ ನಮ್ಮದು. ಕೂಸುಗಳನ್ನ ಎಬ್ಬಿಸಿ ಹೊರಗ ಕೂಡಸು,” ಎಂದರು.

ಹೊರಗೆ ಲಾರಿಗಳು ಓಡಾಡುವ ರಸ್ತೆಯಿತ್ತು. ಕೂಸಿನ ಮನೆಯ ಆಯಾ ಫಕೀರವ್ವ ವಾದಿಸಲಿಲ್ಲ.

“ಆಗಲಿರಿ ಸಾಹೇಬ್ರ. ಆದ್ರ ನಮ್ಮಲ್ಲೊಂದು ನಿಯಮ ಐತ್ರಿ. ಮಲಗಿದ ಕೂಸನ್ನ ಯಾರು ಎಬ್ಬಸ್ತಾರೋ, ಮನಿಯವರು ಬರೂತನಕ ಅವರೇ ಎತ್ಕೊಂಡಿರಬೇಕು. ಹುಕುಂ ನಿಮ್ಮದು, ನೀವ ಎಬ್ಬಸ್ರಿ.”

ಅಂಥ ನಿಯಮವನ್ನು ಆ ಊರಿನಲ್ಲಿ ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ.

“ಅದೇನು ದೊಡ್ಡ ಮಾತು,” ಎಂದು ನಕ್ಕ ಸಾಹೇಬರು, ಫಕೀರವ್ವ ಬೆರಳು ಮಾಡಿ ತೋರಿಸಿದ ಎರಡು ವರ್ಷದ ಸಾವಂತ್ರಿಯನ್ನು ಎತ್ತಿಕೊಂಡರು. ಕೂಸು ಕಣ್ಣು ಬಿಡದೆಯೇ ಅವರ ಕೊರಳು ತಬ್ಬಿ “ಅವ್ವಾ” ಎಂದಿತು. ಬಿಡಿಸಿದಷ್ಟೂ ಹಿಡಿತ ಬಿಗಿಯಾಯಿತು.

ಕಾಲು ತಾಸಿಗೆ ಸಾಹೇಬರ ಕೈ ಸೋತಿತು. “ಇದರವ್ವ ಎಷ್ಟಕ್ಕ ಬರ್ತಾಳ?” ಎಂದು ಪಿಸುಗುಟ್ಟಿದರು.

“ಆಕಿ ತೀರಿಕೊಂಡು ತಿಂಗಳಾತ್ರಿ. ಅಪ್ಪ ಬರೂದು ಆರಕ್ಕ. ಕೆಳಗ ಇಳಿಸಿದ್ರ ಎದ್ದು ಅವ್ವನ್ನ ಹುಡುಕತೈತ್ರಿ.”

ಸಾಹೇಬರು ಕೂಸನ್ನು ಅಲುಗಿಸದೆ ಮೆಲ್ಲಗೆ ಚಾಪೆಯ ಮೇಲೆ ಕುಳಿತರು.

“ಉಳಿದ ಕೂಸುಗಳನ್ನ ಎಬ್ಬಸಬ್ಯಾಡ್ರಿ, ಫಕೀರವ್ವ,” ಎಂದರು ಕೊನೆಗೆ. “ನಾಳೆನೂ ಬ್ಯಾಡ.”