ಸಾಹೇಬರಿಗೆಂದೇ ಒಂದು ತಪ್ಪು

ಟೈಪಿಸ್ಟ್ ಹಾಲಮ್ಮನ ಊರಿಗೆ ನೀರಿನ ಟ್ಯಾಂಕರ್ ಬರಬೇಕಾದರೆ ಅವಳು ಟೈಪ್ ಮಾಡಿದ ಇಂಗ್ಲಿಷ್ ಪತ್ರಕ್ಕೆ ಕಚೇರಿಯ ಸಾಹೇಬರು ಸಹಿ ಹಾಕಬೇಕಿತ್ತು. ಮೂರು ಸಲವೂ “ಭಾಷೆ ಸರಿಯಿಲ್ಲ” ಎಂದು ವಾಪಸ್ ಕೊಟ್ಟರು. ನಿಜಕ್ಕೂ ಪತ್ರದಲ್ಲಿ ತಪ್ಪಿರಲಿಲ್ಲ. ತಿದ್ದಲು ಏನೂ ಸಿಗಲಿಲ್ಲವೆಂದೇ ಅವರಿಗೆ ಸಿಟ್ಟು.

ನಾಲ್ಕನೆಯ ಸಲ ಹಾಲಮ್ಮ ‘ವಾಟರ್’ಗೆ ಮುಂಚೆ ಬೇಕೆಂದೇ ಒಂದು ‘ಎ’ ಸೇರಿಸಿದಳು. ಎಣಿಸಲಾಗದ್ದಕ್ಕೆ ಇಂಗ್ಲಿಷಿನಲ್ಲಿ ‘ಎ’ ಬರುವುದಿಲ್ಲ, ಅದು ಅವಳಿಗೆ ಚೆನ್ನಾಗಿಯೇ ಗೊತ್ತಿತ್ತು.

ಸಾಹೇಬರ ಮುಖ ಅರಳಿತು. ಕೆಂಪು ಪೆನ್ನಿನಲ್ಲಿ ‘ಎ’ ಹೊಡೆದುಹಾಕಿದರು. “ನೀರನ್ನ ಯಾರಾದ್ರೂ ಎಣಿಸ್ತಾರೇನಮ್ಮ?”

“ನಮ್ಮೂರಲ್ಲಿ ಎಣಿಸ್ತೀವಿ ಸಾರ್. ಮನೆಗೆ ಎರಡೇ ಕೊಡ.”

ಅವರಿಗೆ ಕೇಳಿಸಲಿಲ್ಲ. ಖುಷಿಯಲ್ಲಿ ಸಹಿ ಹಾಕುತ್ತಿದ್ದರು.

ಮರುದಿನ ಊರಿಗೆ ಟ್ಯಾಂಕರ್ ಬಂತು. ಅದೇ ವಾರ ಹಾಲಮ್ಮನ ಬಡ್ತಿಯ ಕಡತದಲ್ಲಿ ಸಾಹೇಬರು ಬರೆದರು: ಈಕೆಗೆ ಇಂಗ್ಲಿಷ್ ಬರುವುದಿಲ್ಲ.