ನಾಲ್ಕು ಮೂಲೆಯಿಲ್ಲದ ಕಿಟಕಿ

ಹೊಳೆ ದಂಡೆಯ ಆಶ್ರಮದಲ್ಲಿ ಮುರಿಗಯ್ಯಜ್ಜ ಎಂಬ ಗುರುಗಳಿದ್ದರು. ಕಂಪ್ಯೂಟರಿಗೆ ಪ್ರೋಗ್ರಾಮ್ ಬರೆಯುವುದನ್ನು ಕಲಿಸುತ್ತಿದ್ದರು. ವೇದಾಂತ ಹೇಳಬಾರದೇ ಎಂದು ಯಾರಾದರೂ ಕೇಳಿದರೆ, ಎರಡಕ್ಕೂ ಬೇಕಾದದ್ದು ತಾಳ್ಮೆ, ನನಗೆ ಅಂಥ ವ್ಯತ್ಯಾಸ ಕಂಡಿಲ್ಲ ಎನ್ನುತ್ತಿದ್ದರು.

ದಾನೇಶ್ವರಿ ಅವರ ಶಿಷ್ಯೆ. ಕಲಿಯಲು ಚುರುಕು, ಮಾತು ಕಡಿಮೆ. ಬೇಸಿಗೆಯಲ್ಲಿ ಅವಳ ತಮ್ಮ ಬಸಲಿಂಗ ಈಜಲು ಹೋಗಿ ಇದೇ ಹೊಳೆಯ ಪಾಲಾಗಿದ್ದ. ಆಮೇಲೆ ಇದ್ದ ಮಾತೂ ನಿಂತುಹೋಗಿತ್ತು.

ಒಂದು ದಿನ ಅಜ್ಜ ಅವಳಿಗೆ ಹೊಸ ಪಾಠ ಕೊಟ್ಟರು. ಪರದೆಯ ಮೇಲೆ ತೆರೆಯುವ ಕಿಟಕಿಗಳು, ಅಂದರೆ ವಿಂಡೋಗಳೆಲ್ಲ, ನಾಲ್ಕು ಮೂಲೆಯವು. ಮೂಲೆಗಳಿಲ್ಲದ ಕಿಟಕಿಯೊಂದನ್ನು ಮಾಡಿ ತೋರಿಸು, ಆಕಾರ ನಿನ್ನಿಷ್ಟ, ಎಂದರು.

ಬೇರೆಯವರಾಗಿದ್ದರೆ ಗುಂಡಗಿನ ಗಡಿಯಾರ ಮಾಡಿ ಕೈತೊಳೆದುಕೊಳ್ಳುತ್ತಿದ್ದರು. ದಾನೇಶ್ವರಿ ತಮ್ಮನ ಹಳೆಯ ಫೋಟೋ ಒಂದನ್ನು ಹೊರತೆಗೆದಳು. ಹೆಗಲ ಮೇಲೆ ಟವೆಲ್ಲು, ಇಳಿಬಿಟ್ಟ ಕೈಗಳು, ನೇರ ನೋಟ. ಅವನ ಮೈಯ ಗೆರೆಗುಂಟ ಕಿಟಕಿಯನ್ನು ಕತ್ತರಿಸಲು ಯಂತ್ರಕ್ಕೆ ಹೇಳಿದಳು. ಗೆರೆಯಾಚೆಯದೆಲ್ಲ ಮಾಯವಾಯಿತು. ಪರದೆಯ ನಡುವೆ ಬಸಲಿಂಗ ಒಬ್ಬನೇ ನಿಂತಿದ್ದ.

ಅವನ ಪಕ್ಕದ ಖಾಲಿ ಜಾಗದಲ್ಲಿ ಮೌಸ್ ಒತ್ತಿದರೆ ಅದು ಅವನ ಹಿಂದೆ ತೆರೆದಿದ್ದ ಬೇರೆ ಕಿಟಕಿಗೆ ತಾಗುತ್ತಿತ್ತು. ಅವನ ಮೇಲೆ ಒತ್ತಿದರೆ ಅವನಲ್ಲೇ ನಿಲ್ಲುತ್ತಿತ್ತು. ಇವನು ಇದ್ದಾನೆ ಎಂದು ಅವಳಿಗೆ ಅನಿಸಲು ಅಷ್ಟು ಸಾಕಾಯಿತು.

ಅಂದಿನಿಂದ ಅವಳು ಯಂತ್ರ ಆರಿಸಲಿಲ್ಲ. ಊಟದ ಹೊತ್ತು ಮೀರಿದರೂ ಏಳದೆ ಅವನೆದುರು ಕೂತಿರುತ್ತಿದ್ದಳು.

ಒಂದು ಬೆಳಿಗ್ಗೆ ನೋಡಿದರೆ ಅವನು ನಡುವೆ ಇರಲಿಲ್ಲ. ಬಲಕ್ಕೆ ಸರಿದು ತುಸು ಮೇಲೇರಿದ್ದ. ಅವಳು ಪ್ರೋಗ್ರಾಮಿನಲ್ಲಿ ಜಾಗ ಸರಿಮಾಡಿ ಅವನನ್ನು ನಡುವೆ ತಂದಳು. ಮರುದಿನ ಮತ್ತೆ ಬಲಕ್ಕೆ, ಮತ್ತೆ ಮೇಲಕ್ಕೆ. ಯಾರದೋ ಕೀಟಲೆ ಇರಬೇಕೆಂದು ಕೋಣೆಗೆ ಬೀಗ ಹಾಕಿ ಕೀಲಿಯನ್ನು ಸೆರಗಿಗೆ ಕಟ್ಟಿಕೊಂಡಳು. ಬೆಳಿಗ್ಗೆ ಬೀಗ ಹಾಕಿದ ಹಾಗೇ ಇತ್ತು. ಅವನು ಮಾತ್ರ ಪರದೆಯ ಬಲ ಮೂಲೆಗೆ ಹೋಗಿ, ಒಂದು ಕೈ ಮೇಲೆತ್ತಿ ನಿಂತಿದ್ದ.

ಫೋಟೋದಲ್ಲಿ ಎರಡೂ ಕೈ ಕೆಳಗಿದ್ದವು.

ಇವನು ಇನ್ನೊಮ್ಮೆ ಕೈತಪ್ಪಿ ಹೋಗುತ್ತಾನೆಂದು ದಾನೇಶ್ವರಿ ಹೆದರಿದಳು. ಅಜ್ಜನವರ ಬಳಿ ಓಡಿದಳು.

“ಅಜ್ಜಾರ, ತಮ್ಮ ಸರಿಯೂದಕ್ಕ ನಾ ಒಂದ್ ಸಾಲೂ ಬರದಿಲ್ರಿ. ಆದ್ರೂ ಸರೀತಾನ. ಅಲಗದಂಗ ನಿಂದ್ರಸೂದು ಹೆಂಗ, ಅಷ್ಟು ಹೇಳಿಕೊಡ್ರಿ.”

ಅಜ್ಜ ಬಂದು ನೋಡಿದರು. ಅಚ್ಚರಿಪಟ್ಟಂತೆ ಕಾಣಲಿಲ್ಲ. ಪಕ್ಕದ ಯಂತ್ರದಲ್ಲಿ ಒಂದು ಮಾಮೂಲಿ ಕಿಟಕಿ ತೆರೆದು, ಪರದೆ ತುಂಬ ಹಿಗ್ಗಿಸಿ, ಮೇಲಿನ ಬಲ ಮೂಲೆಯ ಮೇಲೆ ಬೆರಳಿಟ್ಟರು.

“ಇಲ್ಲೇನೈತಿ?”

“ಕಿಟಕಿ ಮುಚ್ಚೂ ಇಂಟು ಗುರ್ತು.”

“ಇವಂದು ಎಲ್ಲೈತಿ?”

ದಾನೇಶ್ವರಿ ತಮ್ಮನ ಸುತ್ತ ಕಣ್ಣಾಡಿಸಿ ಹುಡುಕಿದಳು. ಕಿಟಕಿಯ ಮೇಲಂಚಿನ ತಲೆಪಟ್ಟಿ, ಅದರ ತುದಿಯ ಗುರುತು ಎಲ್ಲ ಗೆರೆಯಾಚೆ ಇದ್ದವು. ತಮ್ಮನ ಆಕಾರ ಕತ್ತರಿಸುವಾಗ ಅವೂ ಹೋಗಿದ್ದವು. ಹೊಸಬರೆಲ್ಲ ಮಾಡುವ ತಪ್ಪು ಅದು. ಆಕಾರ ಚೆಂದ ಬಂತೆಂದು ಹಿಗ್ಗುತ್ತಾರೆ, ಮುಚ್ಚಲು ಏನೂ ಉಳಿದಿಲ್ಲವೆಂದು ಆಮೇಲೆ ಗೊತ್ತಾಗುತ್ತದೆ.

“ಅಂವ ನಿನ್ನ ಬಿಟ್ಟು ಓಡಾಕತ್ತಿಲ್ಲ, ಯವ್ವಾ,” ಎಂದರು ಅಜ್ಜ. “ನೀ ನಿಂದ್ರಿಸಿದಲ್ಲೆ ನಿಂತು ದಣದಾನ. ಹೋಗೂ ದಾರಿ ಹುಡುಕಾಕತ್ತಾನ.”

ತಮ್ಮ ಹೋದ ದಿನ ಹೊಳೆಯ ದಂಡೆಯಲ್ಲಿ ಅಳದವಳು ಅಂದು ಮೇಜಿನ ಮೇಲೆ ತಲೆಯಿಟ್ಟು ಅತ್ತಳು. ಅಜ್ಜ ಸಮಾಧಾನ ಹೇಳಲಿಲ್ಲ, ಎದ್ದೂ ಹೋಗಲಿಲ್ಲ.

ಬಹಳ ಹೊತ್ತಾದ ಮೇಲೆ ಕಣ್ಣೊರೆಸಿಕೊಂಡು ಪ್ರೋಗ್ರಾಮ್ ತೆರೆದಳು. ಕಿಟಕಿ ಮುಚ್ಚುವ ಸಾಲುಗಳನ್ನು ಒಂದೊಂದಾಗಿ ಬರೆದಳು. ಕೊನೆಗೆ ಕೈ ನಿಂತಿತು. ಒತ್ತುವ ಗುರುತು ಎಲ್ಲಿ ಮೂಡಬೇಕೆಂದು ಯಂತ್ರಕ್ಕೆ ಹೇಳಬೇಕಿತ್ತು.

“ತಲೀಪಟ್ಟಿನ ಇಲ್ಲಲ್ರಿ, ಅಜ್ಜಾರ. ಗುರ್ತು ಎಲ್ಲಿ ಇಡ್ಲಿ?”

ಅಜ್ಜ ಪರದೆಯ ಕಡೆ ನೋಡಿದರು. ಮೇಲೆತ್ತಿದ ಕೈಯ ಬೆರಳುಗಳು ಈಗ ಬಿಚ್ಚಿಕೊಂಡಿದ್ದವು.

“ಅವನ ಕೈಗೆ ನಿಲುಕೂ ಹಂಗ ಇಡು.”